ಮರಗಳಿಗೆ ಹೆಸರು ಬರೆದ ತಿಪ್ಪೇಸ್ವಾಮಿ

ನಾನು ಪಾಠ ಮಾಡುತ್ತಿರುವಾಗಲೇ ಕಾಲೇಜಿನ ಗೇಟಿನ ಹತ್ತಿರ ಒಂದು ಹಳೆಯ ಮೊಪೆಡ್ ಬಂದು ನಿಲ್ಲುತ್ತಿತ್ತು. ನಿಲ್ಲುತ್ತಿತ್ತು ಅನ್ನುವುದು ಪೂರ್ತಿ ಸರಿಯಲ್ಲ. ಎಂಜಿನ್ ಗುಡುಗುಡು ಅನ್ನುತ್ತಲೇ ಇರುತ್ತಿತ್ತು. ಮೇಲೆ ಕೂತವರು ಒಂದು ಕಾಲು ನೆಲಕ್ಕೆ ಊರಿ, ಇನ್ನೊಂದನ್ನು ಅಲುಗಿಸುತ್ತಾ ಅಲ್ಲಿಂದಲೇ ಕೂಗುತ್ತಿದ್ದರು.

"ಮೇಡಂ, ಹುಣಸೇಮರ ಯಾವ ಬೆಡಗು?"

ನಾನು ಕಿಟಕಿಗೆ ಬಂದು "ಫೇಬೇಸಿ" ಅನ್ನುತ್ತಿದ್ದೆ.

"ತೊಗರಿದೂ ಅದೇ ಅಂದಿದ್ರಿ?"

"ಅದೂ ಅದೇ."

"ಹೊಂಗೆದು?"

"ಅದೂ."

"ಯಪ್ಪಾ, ದೊಡ್ಡ ಮನೆತನ ಬಿಡ್ರಿ!"

ಹುಡುಗರು ನಕ್ಕು ಮುಗಿಸುವಷ್ಟರಲ್ಲಿ ಮೊಪೆಡ್ ಹೊನ್ನಾಳಿಯ ಬಸ್ ನಿಲ್ದಾಣದ ಕಡೆ ಅರ್ಧ ದಾರಿ ಹೋಗಿರುತ್ತಿತ್ತು. ಹೆಣ್ಣು ಕೊಟ್ಟು ತರುವಾಗ ಹಿರಿಯರು ವಂಶದ ಬೆಡಗು ಕೇಳುತ್ತಾರಲ್ಲ, ಹಾಗೆ ಸಸ್ಯಗಳ ಕುಟುಂಬವನ್ನು ವಿಚಾರಿಸುತ್ತಿದ್ದ ಆ ಮನುಷ್ಯನ ಹೆಸರು ತಿಪ್ಪೇಸ್ವಾಮಿ. ಬೋರ್ಡು ಬರೆಯುವ ಪೇಂಟರ್. ಜಗಳೂರಿನ ಕಡೆಯವರು. ಹೊನ್ನಾಳಿಗೆ ಬಂದು ನೆಲೆಸಿ ಎಷ್ಟೋ ವರ್ಷವಾಗಿತ್ತು. ಅಂಗಡಿಗಳ ನಾಮಫಲಕ, ಶಾಲೆಯ ಗೋಡೆಯ ಮೇಲಿನ ಭಾರತದ ನಕ್ಷೆ, ಲಾರಿಗಳ ಹಿಂದಿನ ನವಿಲು ಎಲ್ಲವನ್ನೂ ಬರೆದು, ಫ್ಲೆಕ್ಸ್ ಬಂದ ಮೇಲೆ ಕುಂಚ ಕೆಳಗಿಟ್ಟು, ಮತ್ತೆ ಎತ್ತಿಕೊಂಡವರು. ಎತ್ತಿಕೊಂಡದ್ದು ಮರಗಳಿಗಾಗಿ.

ನಾನು ಆಗ ಹೊನ್ನಾಳಿಯ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕಿ. ನನ್ನೂರು ಸಂತೇಬೆನ್ನೂರು. ಊರಿನ ಕೆಲವು ಉತ್ಸಾಹಿಗಳು ಸೇರಿ ಮಾಡಿಕೊಂಡ ಒಂದು ಸಂಘದವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕೂ ಕಡೆ ತಾವು ನೆಡಿಸಿದ ಮರಗಳಿಗೆ ಹೆಸರಿನ ಫಲಕ ಹಾಕಿಸಬೇಕೆಂದು ಹೊರಟಿದ್ದರು. ಕನ್ನಡದ ಹೆಸರು, ವೈಜ್ಞಾನಿಕ ಹೆಸರು, ಕುಟುಂಬ. ಪಟ್ಟಿ ಮಾಡಿಕೊಡುವ ಕೆಲಸ ನನ್ನ ಪಾಲಿಗೆ ಬಂತು, ಬರೆಯುವ ಕೆಲಸ ತಿಪ್ಪೇಸ್ವಾಮಿಯವರ ಪಾಲಿಗೆ.

ಮೊದಲ ಕಂತಿನ ನಲವತ್ತು ತಗಡುಗಳನ್ನು ಅವರು ಚೆಂದವಾಗಿ, ನೆಟ್ಟಗೆ, ದಪ್ಪ ದೊಡ್ಡಕ್ಷರಗಳಲ್ಲಿ ಬರೆದು ತಂದಿದ್ದರು. ನಾನು ನೋಡಿ, ವೈಜ್ಞಾನಿಕ ಹೆಸರಿನ ಮೊದಲ ಅಕ್ಷರವಷ್ಟೇ ಇಂಗ್ಲಿಷಿನ ದೊಡ್ಡಕ್ಷರ, ಉಳಿದದ್ದೆಲ್ಲ ಸಣ್ಣಕ್ಷರ, ಎರಡೂ ಪದ ಬಲಕ್ಕೆ ವಾಲಿರಬೇಕು, ಕುಟುಂಬದ ಹೆಸರು ಮಾತ್ರ ನೆಟ್ಟಗಿರಬೇಕು ಎಂದೆ. ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ಅವರು ತಗಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಯಾಕೆ ವಾಲ್ಬೇಕು?"

"ನಿಯಮ ಹಾಗಿದೆ."

"ನಿಯಮ ಅಂದ್ರೆ ವಾಲಿಸೋಣ. ಆದ್ರೆ ಯಾಕೆ ಅಂತ ನಿಮಗೂ ಗೊತ್ತಿಲ್ಲ, ಹೌದಿಲ್ಲೋ?"

ಗೊತ್ತಿರಲಿಲ್ಲ. ಬೇರೆ ಭಾಷೆಯ ಮಾತು ಎಂದು ತೋರಿಸುವುದಕ್ಕೆ ಇರಬೇಕು ಅಂತ ಏನೋ ಹೇಳಿದೆ. ಮೂರು ದಿನಕ್ಕೆ ನಲವತ್ತೂ ಹೊಸದಾಗಿ ಬಂದವು. ಕೈಯನ್ನು ವಾಲಿಸಿದರೆ ಅಕ್ಷರ ನಡುಗುತ್ತದೆಂದು ತಗಡನ್ನೇ ಓರೆಯಾಗಿಟ್ಟು ನೆಟ್ಟಗೆ ಬರೆದಿದ್ದರಂತೆ. ನಾನು ಹತ್ತು ವರ್ಷ ಓದಿ ಕಲಿತ ಲ್ಯಾಟಿನ್ ಹೆಸರುಗಳು ಅಷ್ಟು ಸುಂದರವಾಗಿ ಕಂಡದ್ದು ಅದೇ ಮೊದಲು.

ತಿಪ್ಪೇಸ್ವಾಮಿ ತೆಳ್ಳಗೆ, ಉದ್ದಕ್ಕಿದ್ದರು. ವಯಸ್ಸು ಐವತ್ತೈದರ ಮೇಲೆ. ಅಂಗಿಯ ತೋಳಿನಲ್ಲಿ ಹಸಿರು, ಬಿಳಿ ಬಣ್ಣದ ಚುಕ್ಕಿಗಳು. ಒಂದು ಕಡೆ ಐದು ನಿಮಿಷ ಇದ್ದವರಲ್ಲ. ಹೋಟೆಲಿನಲ್ಲಿ ಚಹಾದ ಲೋಟ ಹಿಡಿದು ಬಾಗಿಲಿಂದ ಗಲ್ಲಾಕ್ಕೆ, ಗಲ್ಲಾದಿಂದ ಬಾಗಿಲಿಗೆ ಓಡಾಡುತ್ತಾ ಕುಡಿಯುತ್ತಿದ್ದರು. ಮದುವೆ ಯಾಕೆ ಆಗಲಿಲ್ಲ ಎಂದು ಯಾರೋ ಕೇಳಿದ್ದಕ್ಕೆ "ಹೆಣ್ಣು ನೋಡಾಕೆ ಹೋಗಿದ್ದೆ, ಅವ್ರು ಉಪ್ಪಿಟ್ಟು ತರೋದ್ರೊಳಗೆ ಎದ್ದು ಬಂದಿದ್ದೆ" ಎಂದಿದ್ದರು. ನಿಜವೋ ತಮಾಷೆಯೋ ತಿಳಿಯದು.

ಮರಕ್ಕೆ ಮೊಳೆ ಹೊಡೆಯಲು ಅವರು ಒಪ್ಪಲಿಲ್ಲ. ತಂತಿಗೆ ಹಳೆಯ ಸೈಕಲ್ ಟ್ಯೂಬಿನ ತುಂಡು ಸುತ್ತಿ, ಸಡಿಲವಾಗಿ ಕಟ್ಟುತ್ತಿದ್ದರು. ಮರ ದಪ್ಪಗಾದಂತೆ ತಂತಿ ಬಿಗಿಯುತ್ತದಲ್ಲ, ಅದಕ್ಕೆ ಎರಡು ಮೂರು ತಿಂಗಳಿಗೊಮ್ಮೆ ನಾಲ್ಕು ತಾಲ್ಲೂಕು ಸುತ್ತಿ ಎಲ್ಲ ತಂತಿಗಳನ್ನೂ ಸಡಿಲಿಸಿ ಬರುತ್ತಿದ್ದರು. ಹಾಗೆ ಮಾಡಲು ಅವರಿಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ಚನ್ನಗಿರಿಯಲ್ಲಿ ಫಲಕದ ದಾನಿಯೊಬ್ಬರು ತಮ್ಮ ಹೆಸರು ಮರದ ಹೆಸರಿಗಿಂತ ದೊಡ್ಡದಾಗಿರಲಿ ಎಂದು ಹಟ ಹಿಡಿದರು. ನಾನೂ ಅಲ್ಲಿದ್ದೆ. ಸಂಘದವರು ಹೂಂ ಅನ್ನುವುದೋ ಬೇಡವೋ ಎಂದು ಮುಖ ಮುಖ ನೋಡುತ್ತಿದ್ದರು.

"ಸಾರ್, ಈ ತಗಡು ಆಲದ ಮರಕ್ಕೆ" ಎಂದರು ತಿಪ್ಪೇಸ್ವಾಮಿ. "ನಿಮ್ಮ ಹೆಸರು ದೊಡ್ಡದಾಗೇ ಬರೀತೀನಿ, ಬ್ಯಾರೆ ತಗಡಿಗೆ. ಕಟ್ಟಾಕೆ ಮಾತ್ರ ನಿಮ್ಮ ಕೊರಳು ಬೇಕು."

ದಾನಿಗಳು ಒಂದು ಕ್ಷಣ ಕೆಂಪಾದರು. ಆಮೇಲೆ ಅವರೇ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟರು.

ಇನ್ನೊಂದು ದಿನ ಎಕ್ಕದ ಕುಟುಂಬ ಬದಲಾಗಿದೆ ಎಂದು ನಾನು ಹೇಳಿದೆ. ನಾವು ಓದುವಾಗ ಒಂದು ಹೆಸರಿತ್ತು, ಈಗ ವಿಜ್ಞಾನಿಗಳು ಅದನ್ನು ಕಣಗಿಲೆಯ ಕುಟುಂಬದೊಳಗೆ ಸೇರಿಸಿದ್ದಾರೆ. ಕುಂಚ ಹಿಡಿದಿದ್ದವರು ನಿಲ್ಲಿಸಿದರು.

"ಒಂದ್ಸಲ ಹಾಕಿದ ಬೆಡಗನ್ನ ಬದಲಾಯಿಸಾಕೆ ಬರುತ್ತಾ?"

"ಮೊದಲು ತಿಳಿದದ್ದು ಸರಿಯಿಲ್ಲ ಅಂತ ಗೊತ್ತಾದರೆ ಬದಲಾಯಿಸುತ್ತಾರೆ."

"ತಪ್ಪಾಗಿತ್ತು ಅಂತ ಒಪ್ಕೊಂತಾರಾ, ಅಷ್ಟು ಓದಿದೋರು?"

"ಒಪ್ಪಿಕೊಳ್ಳುತ್ತಾರೆ."

"ಹಂಗಾದ್ರೆ ಅವ್ರು ಒಳ್ಳೇ ಮಂದಿ" ಎಂದು ಹಳೆಯದನ್ನು ಅಳಿಸಿದರು. ಮುಂದೆ ಆಗಲಿದ್ದದ್ದು ನನಗೆ ಆಗ ಗೊತ್ತಿರಲಿಲ್ಲ.

ನ್ಯಾಮತಿಯಲ್ಲಿ ಜನ ಬೆಳಗ್ಗೆ ವಾಕಿಂಗ್ ಹೋಗುವ ಒಂದು ದಾರಿಯ ಪಕ್ಕ ಸಂಘದವರು ಒಂದು ಸಾಲು ಮರ ಬೆಳೆಸಿದ್ದರು. ಅದರಲ್ಲಿ ಎರಡು ಹೊಳೆಮತ್ತಿ, ಒಂದು ಹೊಳೆದಾಸವಾಳ ಎಂದು ಅವರ ನೆಡುತೋಪಿನ ಪುಸ್ತಕದಲ್ಲಿತ್ತು. ಹೊಳೆಮತ್ತಿ ಎಂದರೆ ಅರ್ಜುನ. ತೊಗಟೆಯ ಕಷಾಯ ಹೃದಯಕ್ಕೆ ಒಳ್ಳೆಯದೆಂದು ಜನ ನಂಬುವ ಮರ. ಹೊಳೆದಾಸವಾಳ ಬೇರೆಯೇ ಕುಟುಂಬದ್ದು, ಬೇಸಿಗೆಯಲ್ಲಿ ನೇರಳೆ ಹೂ ಬಿಡುತ್ತದೆ. ಎಳೆಯದಿದ್ದಾಗ, ಎಲೆಯೂ ಉದುರಿರುವಾಗ, ಎರಡರ ನುಣುಪಾದ ತೊಗಟೆಯೂ ಒಂದರ ಹಾಗೆ ಇನ್ನೊಂದು ಕಾಣುತ್ತದೆ. ನ್ಯಾಮತಿಗೆ ಹೋಗಿ ಒಂದೊಂದೇ ಮರ ನೋಡಿ ಪಟ್ಟಿ ಬರೆಯಬೇಕಿತ್ತು. ಆ ವಾರ ನನಗೆ ಪರೀಕ್ಷೆಯ ಉತ್ತರ ಪತ್ರಿಕೆಗಳಿದ್ದವು, ಮುಂದಿನ ವರ್ಷದ ನೇಮಕದ ಆದೇಶ ಬರುತ್ತದೋ ಇಲ್ಲವೋ ಎಂಬ ಚಿಂತೆಯಿತ್ತು. ಸ್ಟಾಫ್ ರೂಮಿನಲ್ಲಿ ಕೂತು, ಸಂಘದ ಪುಸ್ತಕ ನೋಡಿ, ನಕಲು ಮಾಡಿ ಕೊಟ್ಟೆ. ಅಲ್ಲಿ ಒಂದು ಹೊಳೆಮತ್ತಿ ಸಸಿ ಒಣಗಿ, ಅದರ ಗುಂಡಿಯಲ್ಲಿ ಇನ್ನೊಂದು ಹೊಳೆದಾಸವಾಳ ನೆಟ್ಟಿದ್ದರು. ಅದನ್ನು ಪುಸ್ತಕದಲ್ಲಿ ಯಾರೂ ಬರೆದಿರಲಿಲ್ಲ.

ಫಲಕ ಕಟ್ಟಿದ್ದು ಚಳಿಗಾಲದಲ್ಲಿ. ಮೇ ತಿಂಗಳ ಒಂದು ಮಧ್ಯಾಹ್ನ ತಿಪ್ಪೇಸ್ವಾಮಿ ಮೊಪೆಡ್ಡಿನ ಎಂಜಿನ್ ಆಫ್ ಮಾಡಿ, ಮೆಟ್ಟಿಲು ಹತ್ತಿ, ಸ್ಟಾಫ್ ರೂಮಿನ ಒಳಗೇ ಬಂದರು. ಕೈಯಲ್ಲಿ ಪೇಪರಿನ ಪೊಟ್ಟಣ. ಬಿಚ್ಚಿ ಮೇಜಿನ ಮೇಲಿಟ್ಟರು. ನೇರಳೆ ಬಣ್ಣದ ಹೂಗೊಂಚಲು. ಪಕ್ಕದಲ್ಲಿ ಕತ್ತಿಯಿಂದ ಹೆರೆದ ಒಂದು ಚೂರು ತೊಗಟೆ.

"ಮೇಡಂ, ಹೊಳೆಮತ್ತಿ ಇಂಥ ಹೂ ಬಿಡುತ್ತಾ?"

ನಾನು ಗೊಂಚಲನ್ನು ಎತ್ತಿಕೊಂಡೆ. "ಇಲ್ಲ. ಇದು ಹೊಳೆದಾಸವಾಳ."

"ಹೊಳೆಮತ್ತಿ ಅಂತ ನಾನು ಬರೆದ ತಗಡಿನ ಮ್ಯಾಲೆ ಬಿಟ್ಟೈತೆ. ಕೆಳಗೆ ಯಾರೋ ತೊಗಟೆ ಹೆರಕೊಂಡು ಹೋಗ್ಯಾರೆ. ಹಳೇ ಗಾಯ ಒಂದೈತೆ, ಹೊಸಾವು ಮೂರು ಅದಾವೆ." ಅವರ ಕಾಲು ಮೇಜಿನ ಕೆಳಗೆ ಅಲುಗುತ್ತಲೇ ಇತ್ತು. "ಯಾರೋ ಕುಡೀತಾ ಅದಾರೆ ಮೇಡಂ. ಇದನ್ನ ಕುಡಿದ್ರೆ ಏನಾಗುತ್ತೆ?"

"ಭೇದಿ ಆಗಬಹುದು ಅಂತಾರೆ."

"ನೀವು ಮರದ ಹತ್ರ ಹೋಗಿ ಪಟ್ಟಿ ಬರೆದ್ರೋ, ಹೆಂಗೆ?"

ಆ ಪ್ರಶ್ನೆಗೆ ಉತ್ತರ ಒಂದೇ ಪದ. ಆಚೆ ಮೇಜಿನಲ್ಲಿ ಪ್ರಾಂಶುಪಾಲರು ಕೂತು ಕೇಳುತ್ತಿದ್ದರು. ನನ್ನ ಬಾಯಿಂದ ಬಂದದ್ದು ಇದು: "ಹೋಗಿದ್ದೆನಲ್ಲ. ಆ ಸಾಲಿನಲ್ಲಿ ಎರಡೂ ಜಾತಿ ಇವೆ. ಕಟ್ಟುವಾಗ ನಿಮ್ಮಿಂದ ಅದಲುಬದಲಾಗಿರಬೇಕು."

ಅವರು ನನ್ನ ಮುಖ ನೋಡಿದರು. "ಆಗಿರ್ಬೇಕು ಹಂಗಾದ್ರೆ" ಎಂದು ಪೊಟ್ಟಣ ಮಡಚಿಕೊಂಡು ಹೊರಟರು.

ಅವತ್ತಿನಿಂದ ನನಗೆ ನೆಮ್ಮದಿ ಹೋಯಿತು. ತರಗತಿಯಲ್ಲಿ ಬೋರ್ಡಿನ ಮೇಲೆ ಹೆಸರು ಬರೆದು, ಸರಿಯಿದೆಯಾ ಎಂದು ಪುಸ್ತಕ ತೆರೆದು ನೋಡಿ, ಮತ್ತೆ ನೋಡುತ್ತಿದ್ದೆ. ಮೊಪೆಡ್ಡಿನ ಸದ್ದಾದರೆ ಕಿಟಕಿಗೆ ಓಡುತ್ತಿದ್ದೆ. ಅವರು ಬರಲಿಲ್ಲ. ಸಂಘದವರೊಬ್ಬರು ಫೋನ್ ಮಾಡಿ, "ಪೇಂಟರು ದಿನಾ ಬೆಳಗ್ಗೆ ಐದಕ್ಕೆ ನ್ಯಾಮತಿಗೆ ಹೋಗಿ, ವಾಕಿಂಗ್ ಬಂದೋರನ್ನೆಲ್ಲ ತಡೆದು 'ತೊಗಟೆ ಕಿತ್ತೋರು ಯಾರು' ಅಂತ ಕೇಳ್ತಾರಂತೆ. ತಲೆ ಕೆಟ್ಟೈತಾ ಅವ್ರಿಗೆ?" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಹೊನ್ನಾಳಿಯಿಂದ ನ್ಯಾಮತಿಗೆ ದಿನಾ ಕತ್ತಲಲ್ಲಿ ಎದ್ದು ಹೋಗುತ್ತಿದ್ದ ಆ ಮನುಷ್ಯ, ನನ್ನ ತಪ್ಪನ್ನು ಹುಡುಕಿಕೊಂಡು ಹೋಗುತ್ತಿದ್ದರು.

ಒಂಬತ್ತನೆಯ ದಿನ ಅವರೇ ಫೋನ್ ಮಾಡಿದರು. "ಸಿಕ್ರು ಮೇಡಂ. ಬರ್ರಿ."

ಸಿಕ್ಕಿದ್ದು ಗಂಗಮ್ಮ. ಬಸ್ ನಿಲ್ದಾಣದ ಹತ್ತಿರ ಹೂ ಮಾರುವವರು. ಅವರ ಗಂಡ ಹಾಲಪ್ಪನವರು ಗಾರೆ ಕೆಲಸ ಮಾಡಿಕೊಂಡಿದ್ದು, ಎದೆ ನೋವು ಬಂದು ಕೆಲಸ ಬಿಟ್ಟಿದ್ದರು. ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಅವರು ಮುದುಡಿ ಮಲಗಿದ್ದರು. ಕಣ್ಣು ಗುಳಿ ಬಿದ್ದಿತ್ತು, ತುಟಿ ಒಣಗಿ ಬಿರಿದಿತ್ತು. ಗೋಡೆಯ ಹತ್ತಿರ ಇಟ್ಟಿದ್ದ ತಂಬಿಗೆಯಲ್ಲಿ ಕಂದು ಕಷಾಯ.

"ಫಲಕದಾಗೆ ಹೊಳೆಮತ್ತಿ ಅಂತ ಬರೆದಿತ್ತು" ಎಂದರು ಗಂಗಮ್ಮ. "ಓದಿದೋರು ಬರೆದಿರ್ತಾರೆ ಅಂತ ತಂದೆ. ಹೊಟ್ಟೆ ಕೆಟ್ತು. ಎದೇದೇ ಇರ್ಬೇಕು ಅಂತ ಇನ್ನೊಂದಿಷ್ಟು ಜಾಸ್ತಿ ಕುದಿಸಿ ಕೊಟ್ಟೆ. ಮಾತ್ರೆನೂ ಬಿಡಿಸಿದೆ."

ತಿಪ್ಪೇಸ್ವಾಮಿ ಬಾಗಿಲಿಗೆ ಒರಗಿ ನಿಂತಿದ್ದರು. "ಅವ್ವಾ, ಆ ತಗಡು ಬರೆದು ಕಟ್ಟಿದೋನು ನಾನು. ತಪ್ಪಾಗೈತೆ."

"ನಿಂಗೆ ಗಿಡ ಗೊತ್ತಿಲ್ಲಂದ್ರೆ ಯಾಕೆ ಬರೀತೀಯಪ್ಪ? ಹೊಟ್ಟೆಪಾಡಿಗೆ ಬ್ಯಾರೆ ಬೋರ್ಡು ಸಿಗಲಿಲ್ವಾ? ನನ್ನ ಗಂಡ ಹೋಗಿದ್ರೆ ನಿನ್ನ ತಗಡು ತಂದು ಅವ್ರ ಮುಂದೆ ಇಡಬೇಕಿತ್ತಾ?" ಗಂಗಮ್ಮನ ದನಿ ಏರಿತು. ಅಕ್ಕಪಕ್ಕದವರು ಬಂದು ಹೊಸ್ತಿಲಲ್ಲಿ ನಿಂತರು. ತಿಪ್ಪೇಸ್ವಾಮಿ ಅಲುಗದೆ ನಿಂತಿದ್ದರು. ಆ ಕಾಲುಗಳು ಸ್ಥಿರವಾಗಿ ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನಗೆ ನೋಡಲಾಗಲಿಲ್ಲ.

"ಅವರನ್ನು ಬಯ್ಯಬೇಡಿ" ಎಂದೆ. "ಅವರು ನಾನು ಕೊಟ್ಟದ್ದನ್ನು ಬರೆದರು, ನಾನು ಹೇಳಿದ ಮರಕ್ಕೆ ಕಟ್ಟಿದರು. ನಾನು ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವಳು. ಮರ ನೋಡದೆ, ಕೂತಲ್ಲೇ ಪಟ್ಟಿ ಬರೆದೆ. ಕೇಳಿದಾಗ ಸುಳ್ಳನ್ನೂ ಹೇಳಿದೆ."

ಗಂಗಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಡೆಯುತ್ತಾರೇನೋ ಅನ್ನಿಸಿತು. ಹೊಡೆದಿದ್ದರೆ ಒಳ್ಳೆಯದಿತ್ತು.

"ಆಯ್ತು" ಎಂದರು. "ಈಗ ಇವ್ರನ್ನ ಆಸ್ಪತ್ರೆಗೆ ಎತ್ಕೊಂಡು ಹೋಗಾಕೆ ಯಾರು ಬರ್ತೀರಿ? ಅದನ್ನ ಹೇಳ್ರಿ ಮೊದ್ಲು."

ತಿಪ್ಪೇಸ್ವಾಮಿ ಆಟೋ ತರಲು ಓಡಿದರು. ಆಸ್ಪತ್ರೆಯಲ್ಲಿ ಎರಡು ದಿನ ಡ್ರಿಪ್ ಹಾಕಿದರು, ನಿಲ್ಲಿಸಿದ್ದ ಮಾತ್ರೆಗಳನ್ನು ಮತ್ತೆ ಶುರು ಮಾಡಿಸಿದರು. ಮೂರನೆಯ ದಿನ ಹಾಲಪ್ಪನವರು ಎದ್ದು ಕೂತು, ಸಾರು ಅನ್ನ ಕೇಳಿ ಉಂಡರು. ನಾನು ವಾರ್ಡಿನ ಹೊರಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಹೊನ್ನಾಳಿಯ ಬಸ್ಸಿಗೆ ಕಾಯುತ್ತಿದ್ದಾಗ ತಿಪ್ಪೇಸ್ವಾಮಿ ಜೊತೆಗೆ ಬಂದು ನಿಂತರು.

"ನಿಮಗೆ ಗೊತ್ತಿತ್ತು" ಎಂದೆ.

"ಅವತ್ತೇ ಸಂಜೆ ಹೋಗಿ ಆ ತಗಡು ಬಿಚ್ಚಿ, ಉಳಿದಾವನ್ನೂ ನೋಡ್ದೆ. ಅದಲುಬದಲಾಗಿದ್ರೆ ಹೊಳೆದಾಸವಾಳ ಅಂತ ಬರೆದ ಮರದ ಮ್ಯಾಲೂ ತಪ್ಪು ಹೆಸರಿರ್ಬೇಕಲ್ಲ? ಅದ್ರಾಗೂ ಇದೇ ಹೂ, ಹೆಸರು ಸರಿ ಇತ್ತು."

"ಮತ್ತೆ ಯಾಕೆ ಸುಮ್ಮನಿದ್ದಿರಿ? ಇಷ್ಟು ಜನರ ಮುಂದೆ ಯಾಕೆ ಬೈಸಿಕೊಂಡಿರಿ?"

ಅವರು ಅತ್ತಿತ್ತ ನಾಲ್ಕು ಹೆಜ್ಜೆ ನಡೆದು ಬಂದರು. "ನೀವು ಬಾಯಿ ಬಿಡ್ತೀರೋ ಇಲ್ಲೋ ನೋಡೋಣ ಅಂತ. ಬಿಡದಿದ್ರೆ ನಿಮ್ಮ ಪಟ್ಟಿ ಬರಿಯೋದು ಬಿಡ್ತಿದ್ದೆ. ಅಷ್ಟೇ." ಮತ್ತೆ ನಾಲ್ಕು ಹೆಜ್ಜೆ ಹೋಗಿ ಬಂದು, "ಗೋಡೆ ಮ್ಯಾಲಿನ ಸುಳ್ಳು ಮಳೆಗೆ ಹೋಗುತ್ತೆ ಮೇಡಂ. ಮರದ ಮ್ಯಾಲೆ ಕಟ್ಟಿದ್ದು ದಿನಾ ಹತ್ತು ಮಂದಿ ಓದ್ತಾರೆ. ಉಳಿದಾವು ಹೆಂಗದಾವೋ?" ಎಂದರು.

ಉಳಿದವು ಹೇಗಿವೆಯೆಂದು ನೋಡಲು ಆ ಮಳೆಗಾಲದ ಭಾನುವಾರಗಳೆಲ್ಲ ಹೋದವು. ನಾನು ಬಸ್ಸಿನಲ್ಲಿ, ಅವರು ಮೊಪೆಡ್ಡಿನಲ್ಲಿ. ಚನ್ನಗಿರಿ, ಬಸವಾಪಟ್ಟಣ, ಸಾಸ್ವೆಹಳ್ಳಿ, ಜಗಳೂರು. ಒಂದೊಂದು ಮರದ ಕೆಳಗೂ ನಿಂತು, ಎಲೆ ಹಿಡಿದು, ತೊಗಟೆ ಮುಟ್ಟಿ, ಕಾಯಿ ಇದ್ದರೆ ಸೀಳಿ ನೋಡಿದೆವು. ಇನ್ನೂ ಹನ್ನೊಂದು ತಪ್ಪು ಸಿಕ್ಕವು. ಹೆಬ್ಬೇವಿಗೆ ಬೇವಿನ ಹೆಸರಿತ್ತು. ಒಂದು ಕಡೆ ಹೊಂಗೆಯನ್ನು ನಾನು ಅವಸರದಲ್ಲಿ ಹೊನ್ನೆ ಎಂದು ಓದಿ, ಅದಕ್ಕೆ ತಕ್ಕ ಲ್ಯಾಟಿನ್ ಹೆಸರನ್ನೂ ಕೊಟ್ಟಿದ್ದೆ. ಪ್ರತಿ ತಪ್ಪಿಗೂ ಅವರು ನನ್ನನ್ನು ಓರೆಗಣ್ಣಿನಲ್ಲಿ ನೋಡಿ, ತಗಡು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದರು. ನಾನು ಅಷ್ಟು ಸಸ್ಯಶಾಸ್ತ್ರವನ್ನು ಯಾವ ತರಗತಿಯಲ್ಲೂ ಕಲಿತಿರಲಿಲ್ಲ.

ಪ್ರಾಂಶುಪಾಲರಿಗೂ ನಿಜ ಹೇಳಿದೆ. ಮುಂದಿನ ವರ್ಷ ಆ ಕಾಲೇಜಿನಲ್ಲಿ ನನಗೆ ಕೆಲಸ ಸಿಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿತ್ತೋ ಇಲ್ಲವೋ, ಕೇಳಲು ಹೋಗಲಿಲ್ಲ. ಚನ್ನಗಿರಿಯ ಕಡೆ ಬೇರೆ ಕಾಲೇಜು ಸಿಕ್ಕಿತು.

ಕಳೆದ ವರ್ಷ ತಿಪ್ಪೇಸ್ವಾಮಿಯವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ಅವರ ಅಕ್ಕ ತಿಪ್ಪಮ್ಮ ಕುರಿ ಸಾಕಿಕೊಂಡಿದ್ದಾರೆ. ಅವರೇ ಬಂದು ತಮ್ಮನನ್ನು ಕರೆದುಕೊಂಡು ಹೋದರು. ನಾನು ನೋಡಲು ಹೋದಾಗ ಹೊಲದ ಬದುವಿನ ಹುಣಸೇಮರದ ಕೆಳಗೆ ಮಂಚ ಹಾಕಿ ಮಲಗಿಸಿದ್ದರು. ಮನೆಯೊಳಗೆ ಮಲಗಿಸಿದರೆ ಕೂಗಾಡುತ್ತಾರಂತೆ. ಮಾತು ತೊದಲುತ್ತಿತ್ತು. ಎಡಗಾಲು ಮಾತ್ರ ಮಂಚದ ಅಂಚಿಗೆ ಬಡಿಯುತ್ತಲೇ ಇತ್ತು.

ನನ್ನನ್ನು ಕಂಡು ಎಡಗೈಯಿಂದ ನೆಲ ತೋರಿಸಿದರು. ಗರಸು ಮಣ್ಣಿನಲ್ಲಿ ಒಂದು ಗಿಡ್ಡ ಗಿಡ. ಕಡ್ಡಿಯ ಬುಡದಲ್ಲಿ, ನೆಲಕ್ಕೆ ಅಂಟಿಕೊಂಡು, ಮುಳ್ಳುಮುಳ್ಳಾದ ಸಣ್ಣ ಚೆಂಡಿನಂಥ ಹೂತಲೆಗಳು.

"ಏ...ನು?"

ನಾನು ಮಂಡಿಯೂರಿ ನೋಡಿದೆ. ಎಲ್ಲೋ ಕಂಡಂತಿತ್ತು. ಒಂದು ಹೆಸರು ನಾಲಿಗೆಯವರೆಗೆ ಬಂತು. ಊಹೆ. ನುಂಗಿಕೊಂಡೆ.

"ಗೊತ್ತಿಲ್ಲ" ಎಂದೆ.

ಅವರ ಮುಖದ ಅರ್ಧ ಭಾಗ ಅರಳಿತು. "ನೋ...ಡಿ ಹೇಳ್ರಿ."

ಒಂದು ಕಡ್ಡಿ ಮುರಿದು ಪೇಪರಿನ ನಡುವೆ ಇಟ್ಟುಕೊಂಡು ಬಂದೆ. ಪುಸ್ತಕ ತೆಗೆದು ನೋಡಿದೆ, ನನಗೆ ಪಾಠ ಹೇಳಿದ ಗುರುಗಳಿಗೆ ಕಳಿಸಿದೆ, ಹೂವನ್ನು ಸೂಜಿಯಲ್ಲಿ ಬಿಡಿಸಿ ಲೆನ್ಸಿನಡಿ ಇಟ್ಟೆ. ಖಾತ್ರಿಯಾಗಲು ಮೂರು ವಾರ ಹಿಡಿಯಿತು. ಫೋನ್ ಮಾಡಿದರೆ ತಿಪ್ಪಮ್ಮ ಎತ್ತಿಕೊಂಡರು.

"ಹೋಗಿ ಐದು ದಿನ ಆತವ್ವ."

ಫೋನ್ ಇಟ್ಟ ಮೇಲೆ ಮನೆಯಲ್ಲಿ ಒಂದು ಕಡೆ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋದೆ, ಬಾಗಿಲಿಗೆ ಬಂದೆ, ಮತ್ತೆ ಒಳಗೆ ಹೋದೆ. ಭಾನುವಾರ ಮೊದಲ ಬಸ್ಸಿಗೆ ಹೊರಟುಬಿಟ್ಟೆ.

ತಿಪ್ಪಮ್ಮ ಅಂಗಳದಲ್ಲಿ ಜೋಳ ಕೇರುತ್ತಿದ್ದರು. ಮೊರ ಕೆಳಗಿಟ್ಟು, "ಕಾರ್ಯ ಎಲ್ಲಾ ಮುಗೀತಲ್ಲವ್ವ, ಈಗ ಬಂದೆ?" ಎಂದರು.

"ಅವರು ಒಂದು ಗಿಡದ ಹೆಸರು ಕೇಳಿದ್ದರು. ಸಿಕ್ಕಿತು. ಹೇಳೋಣ ಅಂತ..."

"ಅದನ್ನ ಹೇಳಾಕೆ ಇಷ್ಟು ದೂರ ಬಂದ್ಯಾ?"

"ಹೂಂ."

ಅವರು ಸೆರಗಿನಲ್ಲಿ ಕೈ ಒರೆಸಿಕೊಂಡರು. ಕಣ್ಣನ್ನೂ ಒರೆಸಿಕೊಂಡರು. "ಅವ್ನಿಲ್ಲ. ನಂಗೇ ಹೇಳು."

"ಲೆಪಿಡಗಾಥಿಸ್ ಕ್ರಿಸ್ಟೇಟ."

"ಲೆಪ್ಪಿ... ಏನು?"

ಮತ್ತೆ ಹೇಳಿದೆ, ಬಿಡಿಸಿ ಬಿಡಿಸಿ. ಮೂರು ಸಲಕ್ಕೂ ಎಲ್ಲೋ ಒಂದು ಕಡೆ ಎಡವಿದರು. ನಾಲ್ಕನೆಯ ಸಲಕ್ಕೆ ಸರಿಯಾಗಿ ಬಂತು. ಎದ್ದು, ಕುರಿ ಕಾಯುವ ಕೋಲು ತೆಗೆದುಕೊಂಡು, ಬಾ ಎಂದು ಬದುವಿನ ಕಡೆ ನಡೆದರು. ಗಿಡದ ಹತ್ತಿರ ಕೋಲೂರಿ ನಿಂತರು.

"ಇದಕ್ಕಾ?"

"ಇದಕ್ಕೇ."

"ನಮ್ಮೂರಾಗೆ ಇದಕ್ಕೆ ಯಾರೂ ಹೆಸರಿಟ್ಟಿಲ್ಲ. ಕುರಿ ಮೂಸೋದಿಲ್ಲ. ಹುಟ್ಟಿದಾಗಿಂದ ತುಳಕೊಂಡು ಓಡಾಡೀವಿ" ಎಂದರು. ಆಮೇಲೆ ಕಾಲು ಎತ್ತಿ, ಅದನ್ನು ಸುತ್ತಿ ಬಳಸಿ, ಮುಂದೆ ನಡೆದರು.